ಆಚೆ ಕಟ್ಟಡದ ಗುಮ್ಮ

"ಅವರ ಕೈ ಬಿಡಿ, ಸಿಸ್ಟರ್. ಅವರೊಬ್ಬರೇ ಒಳಗೆ ಬರಲಿ."

ಬಾಗಿಲಿಗೆ ಅಡ್ಡ ನಿಂತವನ ಮಾತು ಕೇಳಿ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎಂಟು ವರ್ಷ ಹಿಡಿದ ಕೈ ಅದು! ಬಿಡು ಅನ್ನಲು ಇವನ್ಯಾರು?

"ನಾನು ಅವಳ ನರ್ಸ್."

"ಗೊತ್ತು. ಮಕ್ಕಳ ವಾರ್ಡಿನವರು. ಇದು ದೊಡ್ಡವರ ವಿಭಾಗ."

"ಅವಳಿಗೆ ಹೆದರಿಕೆ ಆಗುತ್ತೆ."

"ಅವರಿಗೋ... ನಿಮಗೋ?"

ಅಷ್ಟರಲ್ಲಿ ಚೂಟಿ ಮೆಲ್ಲಗೆ ಕೈ ಬಿಡಿಸಿಕೊಂಡು ಒಳಗೆ ಹೋದಳು. ಒಳಗೆ ಡಾಕ್ಟರಮ್ಮ ಕೂತಿದ್ದರು. ಬಾಗಿಲು ಮುಚ್ಚಿತು.

ಚೂಟಿ ಎಂಬುದು ವಾರ್ಡಿನವರು ಇಟ್ಟ ಹೆಸರು. ರಕ್ತದ ಕ್ಯಾನ್ಸರ್ ಎಂದು ಬಂದಾಗ ಹುಡುಗಿಗೆ ಹನ್ನೊಂದು. ಮೂರು ವರ್ಷ ಔಷಧಿ, ಆಮೇಲೆ ಐದು ವರ್ಷ ತಪಾಸಣೆ. ರೋಗ ಹೋಗಿತ್ತು, ಹುಡುಗಿಗೆ ಹತ್ತೊಂಬತ್ತು ತುಂಬಿತ್ತು. ಇನ್ನು ಮುಂದೆ ಅಂಗಳದಾಚೆಯ ಕಟ್ಟಡಕ್ಕೆ ಹೋಗಬೇಕು. ಬಾಗಿಲಲ್ಲಿ ನಿಂತಿದ್ದವನು ಹೀಗೆ ದಾಟಿ ಬರುವ ಹುಡುಗ ಹುಡುಗಿಯರನ್ನು ನೋಡಿಕೊಳ್ಳಲೆಂದೇ ಆರು ತಿಂಗಳ ಹಿಂದೆ ಸೇರಿದವನು.

ಅವನಿಗೆ ಗುಮ್ಮ ಅಂತ ಹೆಸರಿಟ್ಟವಳು ಈ ನರ್ಸೇ. ಅಂಗಳದಾಚೆಯಿಂದ ಎಷ್ಟು ಸಲ ಕಂಡರೂ ಒಂದೇ ಒಂದು ನಗು ಕಾಣದ ಮುಖ! ನೋಡಲು ಚೆನ್ನಾಗಿದ್ದಾನೆ ಅನ್ನುವುದು ಬೇರೆ ಮಾತು. ಆ ಮಾತು ಮನಸ್ಸಿಗೆ ಬಂದಾಗಲೆಲ್ಲ ಅವಳಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಆಚೆ ಕಟ್ಟಡದ ಮೇಲಿನ ಅವಳ ಅನುಮಾನಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಒಬ್ಬ ಹುಡುಗನನ್ನು ಹೀಗೇ ಆಚೆ ಕಳಿಸಿದ್ದಳು. ಅವನು ತಪಾಸಣೆಗೆ ಬಂದನೋ ಬಿಟ್ಟನೋ ಅಲ್ಲಿ ಕೇಳಿದವರಿಲ್ಲ. ರೋಗ ಮರುಕಳಿಸಿ, ಕೈಮೀರಿದ ಮೇಲೆಯೇ ಅವಳಿಗೆ ಸುದ್ದಿ ಮುಟ್ಟಿದ್ದು. ಅಂದಿನಿಂದ ಹಗ್ಗ ಕಂಡರೂ ಹಾವು ಅನ್ನುವ ಸ್ಥಿತಿ ಅವಳದು.

'ಚೂಟಿಯನ್ನು ಹಾಗೆ ಕಳೆದುಕೊಳ್ಳಲಾರೆ...'

ಗುಮ್ಮನ ಇನ್ನೊಂದು ನಿಯಮವಿತ್ತು. ಮುಂದಿನ ತಪಾಸಣೆಯ ದಿನವನ್ನು ರೋಗಿಯೇ ಫೋನ್ ಮಾಡಿ ಕೇಳಬೇಕು, ತನ್ನ ಆರೋಗ್ಯ ಹೇಗಿದೆ ಅಂತ ತಾನೇ ಹೇಳಬೇಕು. ಒಂದು ವಾರವಾಯಿತು, ಎರಡಾಯಿತು. ಚೂಟಿ ಫೋನ್ ಮುಟ್ಟಲಿಲ್ಲ.

"ಅಕ್ಕಾ... ನೀವೇ ಮಾಡ್ಬಿಡಿ, ಪ್ಲೀಸ್."

ಅಕ್ಕ ಮಾಡಿಯೇಬಿಟ್ಟಳು! ಗಂಟಲು ಸಣ್ಣ ಮಾಡಿಕೊಂಡು, ಚೂಟಿಯ ಹೆಸರು ಹೇಳಿದಳು. ಹಿಂದೆ ತೆಗೆದುಕೊಂಡ ಔಷಧಿಗಳನ್ನೆಲ್ಲ ಗಿಳಿಪಾಠದಂತೆ ಒಪ್ಪಿಸಿದಳು.

"ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?" ಆಚೆಯಿಂದ ಗುಮ್ಮ ಕೇಳಿದ.

"ಇಲ್ಲ ಸಾರ್. ಏನೂ ತೊಂದ್ರೆ ಇಲ್ಲ."

"ಸರಿ" ಎಂದು ಅವನು ದಿನಾಂಕ ಕೊಟ್ಟ. ಎಷ್ಟು ಸುಲಭಕ್ಕೆ ನಂಬಿದ, ಪಾಪ, ಎಂದು ಅವಳು ಒಳಗೊಳಗೇ ನಕ್ಕಳು.

ನಾಲ್ಕು ದಿನದ ನಂತರ ನಗು ಹಾರಿಹೋಯಿತು.

ಔಷಧಿ ಅಂಗಡಿಯ ಹಿಂದಿನ ಬೆಂಚಿನ ಮೇಲೆ ಚೂಟಿ ಕೂತಿದ್ದಳು. ಪಕ್ಕದಲ್ಲಿ ಅವನು. ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಅವನು ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದ. ಇವಳನ್ನು ಕಂಡದ್ದೇ ತಡ, ಇಬ್ಬರೂ ಸುಮ್ಮನಾದರು.

"ಏನಾಯ್ತೇ?"

"ಏನಿಲ್ಲಕ್ಕಾ." ಚೂಟಿ ಕಣ್ಣೊರೆಸಿಕೊಂಡು ಎದ್ದು ಹೋದಳು. ಮರುದಿನ ಫೋನ್ ಎತ್ತಲಿಲ್ಲ. ಅದರ ಮರುದಿನವೂ ಇಲ್ಲ.

ಎಂಟು ವರ್ಷದಲ್ಲಿ ಒಂದು ಗುಟ್ಟೂ ಮುಚ್ಚಿಡದ ಹುಡುಗಿ! ಅಕ್ಕನ ತಲೆಯೊಳಗೆ ಅನುಮಾನ ಹುತ್ತ ಕಟ್ಟಿತು. ಅಳಿಸುವಂಥದ್ದು ಏನು ಹೇಳಿದ? ಯಾವ ಸಲುಗೆ ಇದು? ಎದೆಯಲ್ಲಿ ಇನ್ನೊಂದು ಮುಳ್ಳು ಚುಚ್ಚಿತು. 'ನನ್ನ ಹತ್ರ ಹೀಗೆ ಯಾವತ್ತಾದ್ರೂ ಮೆಲ್ಲಗೆ ಮಾತಾಡಿದ್ದಾನಾ?' ಛೀ, ಇದೆಂಥ ಯೋಚನೆ!

ಸೀದಾ ಅವನ ಕೋಣೆಗೆ ನುಗ್ಗಿದಳು.

"ನಮ್ಮ ಹುಡುಗಿಗೆ ಏನು ಹೇಳಿದ್ರಿ?"

"ಹೇಳೋಕಾಗಲ್ಲ, ಸಿಸ್ಟರ್. ಅವರು ಬೇಡ ಅಂದಿದ್ದಾರೆ."

"ನನಗೂ?"

"ನಿಮಗೇ ಮುಖ್ಯವಾಗಿ ಬೇಡ ಅಂದಿದ್ದಾರೆ."

ಕೆನ್ನೆಗೆ ಹೊಡೆದ ಹಾಗಾಯಿತು. "ದೂರು ಕೊಡ್ತೀನಿ ನೋಡಿ! ನಿಮ್ಮ ಕೆಲಸ ಹೋದ್ರೆ ನನ್ನನ್ನ ಅನ್ಬೇಡಿ!"

"ಕೊಡಿ." ಅವನ ದನಿ ಏರಲಿಲ್ಲ, ಆದರೆ ಮುಖ ಬಾಡಿತ್ತು. ಅದನ್ನು ನೋಡಿಯೂ ಅವಳು ದೂರು ಬರೆದುಕೊಟ್ಟಳು.

ಮರುದಿನ ಬೆಳಿಗ್ಗೆ ಮೇಟ್ರನ್ ಮೇಡಂ ಇಬ್ಬರನ್ನೂ ಕರೆಸಿದರು. ಅವನನ್ನು ಎಷ್ಟು ಕೇಳಿದರೂ ಒಂದೇ ಉತ್ತರ. "ರೋಗಿ ಒಪ್ಪದೆ ಹೇಳಲ್ಲ, ಮೇಡಂ."

"ಕೆಲಸ ಹೋಗಬಹುದು, ಗೊತ್ತಲ್ಲ?"

"ಗೊತ್ತು."

ಮೇಡಂ ಚೂಟಿಗೇ ಹೇಳಿಕಳಿಸಿದರು. ಹುಡುಗಿ ಬಂದಳು. ಒಂದು ಮಹಡಿ ಹತ್ತಿದ್ದಕ್ಕೇ ಏದುಸಿರು ಬಿಡುತ್ತಿದ್ದಳು. ಅಕ್ಕ ಅದನ್ನು ಆಗಷ್ಟೇ ಗಮನಿಸಿದಳು.

"ಹೇಳಬೇಡಿ ಅಂದಿದ್ದು ನಾನೇ, ಮೇಡಂ," ಎಂದಳು ಚೂಟಿ. "ಚಿಕ್ಕೋಳಿದ್ದಾಗ ಕೊಟ್ಟ ಒಂದು ಔಷಧಿಯಿಂದ ಹೃದಯ ಸ್ವಲ್ಪ ಸೋತಿದೆಯಂತೆ. ಬೇಗ ಗೊತ್ತಾಯ್ತು, ಮಾತ್ರೆಯಲ್ಲಿ ಹಿಡಿತಕ್ಕೆ ಬರುತ್ತೆ ಅಂತ ಡಾಕ್ಟರ್ ಹೇಳಿದ್ರು. ಫೋನಲ್ಲಿ ಏನೂ ತೊಂದ್ರೆ ಇಲ್ಲ ಅಂತ ಹೋಗಿತ್ತು. ಇವರು ನಂಬ್ಲಿಲ್ಲ. ನನ್ನನ್ನೇ ಕರೆಸಿ, ಮತ್ತೆ ಕೇಳಿದ್ರು."

ಅಕ್ಕನಿಗೆ ನಿಂತ ನೆಲವೇ ಕುಸಿದ ಹಾಗಾಯಿತು. "ನನಗ್ಯಾಕೆ ಹೇಳ್ಲಿಲ್ಲ, ಪುಟ್ಟಾ?"

"ನಿಮಗೆ ಹೇಳಿದ್ರೆ ನೀವು ಅಳ್ತೀರಿ. ನಿಮ್ಮನ್ನ ನೋಡಿ ಅಮ್ಮ ಅಳ್ತಾಳೆ. ನಿಮ್ಮಿಬ್ಬರನ್ನ ಸಮಾಧಾನ ಮಾಡೋದ್ರಲ್ಲೇ ನನ್ನ ದಿನ ಮುಗಿಯುತ್ತೆ." ಚೂಟಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ನನ್ನ ಎದೆಗೆ ನಾನು ಯಾವಾಗಕ್ಕಾ ಹೆದರ್ಕೊಳ್ಳಲಿ?"

ಮೇಡಂ ಅವನತ್ತ ತಿರುಗಿದರು. "ಹುಡುಗಿಯೇ ಫೋನಲ್ಲಿ ಇಲ್ಲ ಅಂದ ಮೇಲೆ ನೀವ್ಯಾಕ್ರೀ ನಂಬ್ಲಿಲ್ಲ?"

ಅವನು ಕಿಟಕಿಯತ್ತ ನೋಡಿದ. ಬಾಯಿ ಬಿಡಲಿಲ್ಲ. ಚೂಟಿ ತಲೆ ತಗ್ಗಿಸಿದಳು.

ಆಗ ಅಕ್ಕನಿಗೆ ಅರ್ಥವಾಯಿತು. ಇವನಿಗೆ ಗೊತ್ತು! ಮೊದಲಿನಿಂದಲೂ ಗೊತ್ತು. ದೂರು ಕೊಟ್ಟವಳನ್ನೇ ಕಾಪಾಡುತ್ತಿದ್ದಾನೆ...

"ಫೋನ್ ಮಾಡಿದ್ದು ನಾನು, ಮೇಡಂ," ಎಂದಳು. "ಅವಳ ಹೆಸರಲ್ಲಿ ಮಾತಾಡಿದೆ. ಅವಳನ್ನ ಕೇಳದೇನೇ ಇಲ್ಲ ಅಂದೆ. ಇವರೂ ನಂಬಿದ್ದಿದ್ರೆ..."

ಮೇಡಂ ಲಿಖಿತ ವಿವರಣೆ ಕೇಳಿದರು. ಒಂದು ತಿಂಗಳು ರೋಗಿಗಳ ಕೆಲಸವಿಲ್ಲ, ಉಗ್ರಾಣದಲ್ಲಿ ಮಾತ್ರ ಎಂದರು. ಅವಳು ತಲೆಯಾಡಿಸಿದಳು. ಮಾಡಿದ್ದುಣ್ಣೋ ಮಹಾರಾಯ, ಇನ್ನೇನು!

ಹೊರಗೆ ಚೂಟಿ ಅವಳನ್ನು ಬಿಗಿಯಾಗಿ ಅಪ್ಪಿಕೊಂಡಳು. "ಅಮ್ಮಂಗೆ ಸಂಜೆ ನಾನೇ ಹೇಳ್ತೀನಿ. ನೀವು ಬರ್ಬೇಡಿ, ಆಯ್ತಾ?"

"ಬರಲ್ಲ," ಎಂದಳು. ಆ ಒಂದು ಮಾತು ಆಡಲು ಎಷ್ಟು ಕಷ್ಟವಾಯಿತೋ ಅವಳಿಗೇ ಗೊತ್ತು.

ಹುಡುಗಿ ಹೋದಳು. ಕಾರಿಡಾರಿನಲ್ಲಿ ಅವಳು, ಗುಮ್ಮ ಇಬ್ಬರೇ ಉಳಿದರು.

"ಕ್ಷಮಿಸಿ," ಎಂದಳು. "ಯಾವಾಗ ಗೊತ್ತಾಯ್ತು?"

"ನೀವು ಹಲೋ ಅಂದಾಗಲೇ." ಅವನು ನಕ್ಕ. ನಕ್ಕರೆ ಈ ಗುಮ್ಮನಿಗೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆ! "ಮಧ್ಯಾಹ್ನ ನೀವು ಮಕ್ಕಳಿಗೆ ಕಥೆ ಹೇಳೋದು ನನ್ನ ಕಿಟಕಿಗೆ ಕೇಳ್ಸುತ್ತೆ. ಆರು ತಿಂಗಳಿಂದ ಊಟಕ್ಕೆ ಹೋಗದೆ ಕೇಳ್ತಿದ್ದೀನಿ."

ಅವಳ ಮುಖ ಕೆಂಪಾಯಿತು. "ಹಾಗಿದ್ರೆ ಆ ದಿನ ಬಾಗಿಲಲ್ಲಿ ಯಾಕೆ ಅಷ್ಟು ಒರಟಾಗಿ ಮಾತಾಡಿದ್ರಿ?"

"ಹತ್ರದಿಂದ ನೋಡಿದ್ದು ಅವತ್ತೇ ಮೊದಲು. ಕೈಕಾಲು ಆಡ್ಲಿಲ್ಲ. ನಿಯಮ ಒಂದೇ ನೆನಪಾಯ್ತು."

ನಗಬೇಕೋ ಅಳಬೇಕೋ ತಿಳಿಯದೆ ಅವಳು ಸೆರಗಿಲ್ಲದ ಸಮವಸ್ತ್ರದಲ್ಲಿ ಸೆರಗು ಹುಡುಕಿದಳು. ಅವನು ಕರವಸ್ತ್ರ ಕೊಟ್ಟ.

"ನಂದು ಕೆಟ್ಟ ಅನುಮಾನದ ಬುದ್ಧಿ ಕಣ್ರೀ. ನಾಳೆ ನಿಮ್ಮ ಮೇಲೆ ಮತ್ತೆ ಬರುತ್ತೆ."

"ಬರ್ಲಿ. ನನ್ನನ್ನೇ ಕೇಳಿ. ರೋಗಿಗಳ ಗುಟ್ಟೊಂದು ಬಿಟ್ಟು ಎಲ್ಲಾ ಹೇಳ್ತೀನಿ."

"ಎಲ್ಲಾನೂ?"

"ಎಲ್ಲಾನೂ."

ಅವಳು ಕರವಸ್ತ್ರವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಹಾಗಾದ್ರೆ... ನನ್ನ ಬಗ್ಗೆ ನಿಮಗೆ ಏನನ್ಸುತ್ತೆ?"

"ಇಷ್ಟ," ಎಂದ ಅವನು, ಕಣ್ಣು ತಪ್ಪಿಸದೆ. "ತುಂಬಾ ಇಷ್ಟ. ಜೊತೆಯಲ್ಲೇ ಇರೋಣ ಅನ್ನೋವಷ್ಟು."

"ಇನ್ನೊಂದ್ಸಲ ಹೇಳಿ."

"ಯಾಕೆ, ಅನುಮಾನಾನಾ?"

"ಇಲ್ಲ," ಎಂದಳು ಅವಳು, ಒದ್ದೆ ಕಣ್ಣಲ್ಲೇ ನಗುತ್ತ. "ಕೇಳೋಕೆ ಚೆನ್ನಾಗಿತ್ತು."