ಎತ್ತಿಟ್ಟ ಮೋಟರ್

ಪ್ರೊಪೆಲ್ಲರ್ ಅಲುಗಲಿಲ್ಲ. ತಾವೆತ್ತಿ ಅಜ್ಜ ದೋಣಿಯ ಹಿಂಬದಿಗೆ ಬಗ್ಗಿ, ಎರಡೂ ಕೈಯಲ್ಲಿ ಹಿಡಿದು ಇನ್ನೊಮ್ಮೆ ತಿರುಗಿಸಿ ನೋಡಿದ.

"ಸೈಮಿ, ಬಿಸಿನೀರು ತಗೊಂಡ್ ಬಾ. ಕುದಿಯೋದು ಬೇಡ, ಕೈಗೆ ತಡ್ಕೊಳ್ಳೋ ಅಷ್ಟು ಸಾಕು."

ಸೈಮಿ ಬಕೆಟ್ ಹಿಡಿದು ಮನೆಗೆ ಓಡಿದಳು. ರಾತ್ರಿ ಚಳಿ ಮೈನಸ್ ಹದಿನಾಲ್ಕು ಡಿಗ್ರಿಗೆ ಇಳಿದಿತ್ತು. ದ್ವೀಪದ ದಡದ ಸುತ್ತ ಸರೋವರ ಗಾಜಿನಷ್ಟು ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು.

ಇವತ್ತು ಶನಿವಾರ. ಹನ್ನೆರಡು ಗಂಟೆಯ ಬಸ್ಸಿಗೆ ಅಮ್ಮ ಆಚೆ ದಡಕ್ಕೆ ಬರುತ್ತಾಳೆ. ಆಪರೇಷನ್ ಆಗಿ ಮೂರು ವಾರ ಅವಳು ಪೇಟೆಯ ಆಸ್ಪತ್ರೆಯಲ್ಲಿದ್ದಳು. ದ್ವೀಪದ ಉಳಿದ ಮನೆಯವರು ದೋಣಿಗಳನ್ನು ದಡಕ್ಕೆಳೆದು ಬೋರಲು ಹಾಕಿ, ಮೋಟರುಗಳನ್ನು ರಿಪೇರಿಗೆಂದು ಪೇಟೆಗೆ ಕಳಿಸಿ ವಾರವಾಗಿತ್ತು. ಅಮ್ಮನಿಗೆಂದು ಅಜ್ಜನ ದೋಣಿಯೊಂದೇ ನೀರಿನಲ್ಲಿತ್ತು. ಇನ್ನೆರಡು ದಿನ ಹೋದರೆ ಸರೋವರವೆಲ್ಲ ಮುಚ್ಚಿಕೊಳ್ಳುತ್ತದೆ. ಆಮೇಲೆ ಒಂದು ತಿಂಗಳು ದೋಣಿಯೂ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗದ ಗಡ್ಡೆಯ ಮೇಲೆ ನಡೆಯಲೂ ಆಗುವುದಿಲ್ಲ.

ಬಿಸಿನೀರು ಸುರಿದ ಮೇಲೆ ಪ್ರೊಪೆಲ್ಲರ್ ತಿರುಗಿತು. ಸೈಮಿ ನಕ್ಕಳು. ಅಜ್ಜ ನಗಲಿಲ್ಲ. ಪ್ರೊಪೆಲ್ಲರ್‌ನ ಹಿಂದೆ ಕೂದಲೆಳೆಯಂಥ ಬಿರುಕಿತ್ತು. ಅಲ್ಲಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅದಕ್ಕೆ ಹಾಲು ಬೆರೆಸಿದ ಕಾಫಿಯ ಬಣ್ಣ.

"ಒಡೆದೋಯ್ತು," ಅಂದ ಅಜ್ಜ. "ಒಳಗೆ ನೀರು ನಿಂತಿದೆ. ರಾತ್ರಿ ಹೆಪ್ಪುಗಟ್ಟಿ, ಹಿಗ್ಗಿ, ಸೀಳಿಬಿಟ್ಟಿದೆ."

"ರಿಪೇರಿ ಆಗಲ್ವಾ ಅಜ್ಜ?"

"ಒಂದೆರಡು ದಿನದಲ್ಲಂತೂ ಆಗಲ್ಲ. ಚಳಿಲಿ ಮೋಟರ್‌ನ ನೀರಿಗಿಳಿಸೇ ಇಡ್ಬೇಕು ಕಣೆ. ಗಡ್ಡೆ ಕೆಳಗಿನ ನೀರಲ್ಲಿ ಅದು ಕ್ಷೇಮವಾಗಿರುತ್ತೆ. ಐವತ್ತು ವರ್ಷದಿಂದ ಗೊತ್ತು ನಂಗೆ. ಆದ್ರೂ ನಿನ್ನೆ ನೀರಿಂದ ಮೇಲೆ ಎತ್ತಿಟ್ಟು ಬಂದಿದೀನಿ ನೋಡು."

ಮೋಟರ್ ಎತ್ತಿಟ್ಟದ್ದು ಅಜ್ಜನಲ್ಲ. ಎತ್ತಿಟ್ಟವಳು ಸೈಮಿ.

ನಿನ್ನೆ ಅಜ್ಜ ಕೊನೆಯ ಬಲೆಯನ್ನು ಹೆಗಲಿಗೆ ಹಾಕಿಕೊಂಡು ಮುಂದೆ ಹೋಗಿದ್ದ. ದೋಣಿ ಕಟ್ಟಿದವಳು ಸೈಮಿ. ಅವರ ದಡದಲ್ಲಿ ಬರೀ ಕಲ್ಲು, ತಗುಲಿದರೆ ಪ್ರೊಪೆಲ್ಲರ್ ಮುರಿಯುತ್ತದೆ. ಬೇಸಿಗೆಯಲ್ಲಿ ಅವಳು ಮೋಟರ್ ಎತ್ತಲು ಮರೆತರೆ, "ಪ್ರೊಪೆಲ್ಲರ್ ಏನು ಮರದಲ್ಲಿ ಬಿಡುತ್ತಾ?" ಎಂದು ಅಜ್ಜ ದ್ವೀಪಕ್ಕೆಲ್ಲ ಕೇಳುವಂತೆ ಬೈಯುತ್ತಿದ್ದ. ಹಾಗೆ ಬೈಸಿಕೊಂಡು ಕಲಿತ ಕೈ ನಿನ್ನೆಯೂ ತಾನಾಗಿಯೇ ಎತ್ತಿಬಿಟ್ಟಿತ್ತು.

ಹೇಳಬೇಕೆಂದು ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

"ಹುಟ್ಟು ಹಾಕ್ಕೊಂಡು ಹೋಗೋಣ್ವಾ?"

"ಏಳು ಕಿಲೋಮೀಟರು, ನನ್ನ ಈ ಮುದಿ ಹೆಗಲಲ್ಲಾ? ಹೋದ್ವಿ ಅಂತಿಟ್ಕೋ. ಬರೋವಾಗ ಕತ್ತಲು, ಸುತ್ತ ಗಡ್ಡೆ. ನಿಮ್ಮಮ್ಮನ ಹೊಲಿಗೆ ಇನ್ನೂ ಹಸಿ."

ಅಜ್ಜ ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದ. "ಬಸ್ಸು ಹತ್ಬೇಡ ಮಗಳೇ. ನಿನ್ನ ಅಕ್ಕನ ಮನೇಲಿ ಇದ್ದುಬಿಡು. ನಂದೇ ತಪ್ಪು, ಮೋಟರ್ ಎತ್ತಿಟ್ಟಿದ್ದೀನಿ. ಎತ್ತಿದ್ದು ನೆನಪೂ ಇಲ್ಲ. ನಾನೂ ವಿಹ್ತೋರಿ ದಾರಿ ಹಿಡಿದೆ ಅನ್ಸುತ್ತೆ."

ವಿಹ್ತೋರಿ ಅಜ್ಜನ ಅಣ್ಣ. ಕಡೆಗಾಲದಲ್ಲಿ ತನ್ನದೇ ದೋಣಿಯಲ್ಲಿ ಕೂತು, ಇದು ಯಾರ ದೋಣಿ ಎಂದು ಕೇಳುತ್ತಿದ್ದ.

ಅಮ್ಮ ಸೈಮಿಗೆ ಫೋನ್ ಕೊಡಿಸಿದಳು. ಅವಳ ದನಿ ಸಣ್ಣಗಾಗಿತ್ತು. "ಅಜ್ಜನ್ನ ನೋಡ್ಕೋ ಪುಟ್ಟಿ. ಒಲೆ ಆರಿಸಿದಾನಾ ಅಂತ ದಿನಾ ನೋಡು."

"ಹೂಂ," ಅಂದಳು ಸೈಮಿ. ಬೈಗುಳ ತಪ್ಪಿತಲ್ಲ ಎಂದು ಒಂದು ಗಳಿಗೆ ಹಾಯೆನಿಸಿತು. ಮರುಗಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಉತ್ತರದ ಆ ಚಳಿಗಾಲದಲ್ಲಿ ಮೂರು ಗಂಟೆಗೇ ಕತ್ತಲಾಯಿತು. ಅಜ್ಜ ಮೋಟರ್ ಬಿಚ್ಚಿ ತಂದು ಶೆಡ್ಡಿನಲ್ಲಿ ನೆಟ್ಟಗೆ ನಿಲ್ಲಿಸಿದ. ಒಳಗಿನ ನೀರು ಪೂರ್ತಿ ಇಳಿಯಲೆಂದು ಸ್ಟಾರ್ಟ್ ಮಾಡುವ ಹಗ್ಗವನ್ನು ಮೆಲ್ಲಗೆ ನಾಲ್ಕು ಸಲ ಎಳೆದ. ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಏನೋ ಬರೆದ. ಒಲೆಯನ್ನು ಎರಡು ಸಲ ನೋಡಿದ. ಶೆಡ್ಡಿಗೆ ಬೀಗ ಹಾಕಿದೆನೋ ಇಲ್ಲವೋ ಎನ್ನುತ್ತ ಮತ್ತೆ ಹೊರಗೆ ಹೋದ. ಹಾಕಿದ್ದನ್ನು ಸೈಮಿಯೇ ನೋಡಿದ್ದಳು.

ಅವಳು ಸ್ಟೂಲ್ ಹತ್ತಿ ಕ್ಯಾಲೆಂಡರ್ ಓದಿದಳು. ಇವತ್ತಿನ ಚೌಕದಲ್ಲಿ, "ಒಲೆ. ಬೀಗ. ಮಾತ್ರೆ." ನಿನ್ನೆಯ ಚೌಕದಲ್ಲಿ, "ಮೋಟರ್ ಎತ್ತಿಟ್ಟೆ. ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ."

ಸೈಮಿ ಅದನ್ನು ಎರಡು ಸಲ ಓದಿದಳು. ಬೆಳಗಿನಿಂದ ಅಜ್ಜ ತನ್ನಲ್ಲಿಲ್ಲದ ನೆನಪನ್ನು ಹುಡುಕುತ್ತಿದ್ದಾನೆ. ಅದು ಎಲ್ಲಿಂದ ಸಿಗಬೇಕು? ಪೆನ್ಸಿಲ್ ತೆಗೆದುಕೊಂಡು ಆ ಸಾಲಿಗೆ ಗೀಟು ಹಾಕಿದಳು. ಕೆಳಗೆ ಬರೆದಳು: "ಎತ್ತಿದ್ದು ನಾನು. ಸೈಮಿ."

ಅಜ್ಜ ಬಂದ. ಕ್ಯಾಲೆಂಡರ್ ನೋಡಿದ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ.

"ನೀನಾ?"

"ನಾನೇ ಅಜ್ಜ."

"ನಾನು ಎತ್ತೇ ಇಲ್ವಾ?"

"ಇಲ್ಲ. ನೀನು ಬಲೆ ತಗೊಂಡು ಮೇಲೆ ಹೋಗಿದ್ದೆ."

ಅಜ್ಜ ಬೆಂಚಿನ ಮೇಲೆ ಕುಳಿತ. ಕನ್ನಡಕ ತೆಗೆದು ಒರೆಸಿದ, ಬಹಳ ಹೊತ್ತು ಒರೆಸುತ್ತಲೇ ಇದ್ದ. ಆಮೇಲೆ ಶುರು ಮಾಡಿದ. ಬುದ್ಧಿ ಇದೆಯಾ ನಿಂಗೆ, ಮೋಟರ್ ಏನು ಮರದಲ್ಲಿ ಬಿಡುತ್ತಾ, ಬೆಳಗ್ಗೆಯಿಂದ ಬಾಯಲ್ಲಿ ಏನಿಟ್ಕೊಂಡಿದ್ದೆ ಎಂದು, ಬೇಸಿಗೆಯ ಅದೇ ದೊಡ್ಡ ದನಿಯಲ್ಲಿ ಬೈದ.

ಹೊರಗೆ ಗಡ್ಡೆ ಕಟ್ಟುತ್ತಿದ್ದ ಸರೋವರ ನರಳುತ್ತಿತ್ತು. ಅಮ್ಮ ಇನ್ನೊಂದು ತಿಂಗಳು ಬರುವುದಿಲ್ಲ. ಸೈಮಿ ತಲೆ ತಗ್ಗಿಸಿ, ಅಳುತ್ತ, ಒಂದು ಮಾತೂ ಬಿಡದೆ ಕೇಳಿಸಿಕೊಂಡಳು. ಅಜ್ಜ ಬೈಯುವುದನ್ನು ನಿಲ್ಲಿಸಲಿ ಎಂದು ಅವಳಿಗೆ ಅನಿಸಲೇ ಇಲ್ಲ.