ಐದನೇ ಕಣಿವೆಯ ಕತ್ತೆ

"ತಡಿ ಅಪ್ಪ, ತಡಿ. ಈ ಬೂದಿರಾಜ ಮೂರನೇ ಪುಸ್ತಕದಲ್ಲೇ ಸತ್ತಿದ್ನಲ್ಲ?"

ಬುಗುರಿ ಕಾಲು ಊರಿ, ಗಿರಗಿರನೆ ತಿರುಗುತ್ತಿದ್ದ ಕುರ್ಚಿಯನ್ನು ಗಕ್ಕನೆ ನಿಲ್ಲಿಸಿದಳು.

ಬೆಂಚಿನ ಮೇಲೆ ಕುಳಿತು ಓದುತ್ತಿದ್ದ ಅಪ್ಪ ತಲೆ ಎತ್ತಿದ. "ಸತ್ತಿದ್ದ. ಈಗ ಬಂದಿದ್ದಾನೆ."

"ಹೇಗೆ ಬಂದ?"

"ಅದನ್ನ ಬರೆದಿಲ್ಲ ಕಣೇ. ಬಂದ ಅಂತ ಅಷ್ಟೇ ಇದೆ."

"ಸತ್ತೋನು ಬೇಕಂದಾಗ ಬಂದು ಹೋಗೋಕೆ ಅದೇನು ಅತ್ತೆ ಮನೇನಾ?" ಎಂದರು ಬೋಳು ತಾತ.

ಬೋಳು ತಾತ ಪಕ್ಕದ ವಾಚ್ ರಿಪೇರಿ ಅಂಗಡಿಯವರು. ಅವರ ತಲೆಯಲ್ಲಿ ಕತ್ತರಿಸೋಣವೆಂದರೆ ಒಂದು ಕೂದಲಿಲ್ಲ. ಆದರೂ ದಿನಾ ಸಂಜೆ ಅಪ್ಪನ ಕಟಿಂಗ್ ಶಾಪಿಗೆ ತಪ್ಪದೆ ಹಾಜರ್. ಅವರು ಬರುತ್ತಿದ್ದದ್ದು ಕತೆಗೆ.

ಕೊನೆಯ ಗಿರಾಕಿ ಎದ್ದು ಹೋದಮೇಲೆ ಅಪ್ಪ ಶಟರ್ ಅರ್ಧ ಇಳಿಸುತ್ತಿದ್ದ. ನೆಲದ ಮೇಲಿನ ಕೂದಲು ಗುಡಿಸಿ, ಕೈ ತೊಳೆದು, ಪುಸ್ತಕ ಹಿಡಿದು ಬೆಂಚಿಗೆ ಬರುತ್ತಿದ್ದ. ಬುಗುರಿಗೆ ಕಟಿಂಗ್ ಕುರ್ಚಿ. ಅದರಲ್ಲಿ ಸುತ್ತಿ ಸುತ್ತಿಯೇ ಅವಳಿಗೆ ಆ ಹೆಸರು ಬಂದದ್ದು. ದಿನಕ್ಕೊಂದು ಅಧ್ಯಾಯ. ಅಪ್ಪ ಮಗಳ ನಡುವೆ ಒಂದೇ ಒಂದು ಕರಾರು: ಯಾರೂ ಕದ್ದು ಮುಂದೆ ಓದುವ ಹಾಗಿಲ್ಲ.

'ಒಂಬತ್ತು ಕಣಿವೆ' ಸರಣಿಯ ಮೊದಲ ಪುಸ್ತಕ ಶುರುವಾದಾಗ ಬುಗುರಿ ಎರಡನೇ ಕ್ಲಾಸ್. ದಪ್ಪ ಪುಸ್ತಕ ಅವಳಿಗೆ ಓದಲು ಬರುತ್ತಿರಲಿಲ್ಲ. ಈಗ ಐದನೇ ಕ್ಲಾಸ್, ಎಂಥ ಪುಸ್ತಕ ಕೊಟ್ಟರೂ ಓದಿ ಬಿಸಾಡುತ್ತಾಳೆ. ಆದರೆ ಅದರಲ್ಲಿ ಬರುವ ಕಂದೀಲು ಹುಡುಗಿಯ ಕತೆಯನ್ನು ಅಪ್ಪನ ಬಾಯಲ್ಲೇ ಕೇಳಬೇಕು. ಅವಳನ್ನು ಹೊತ್ತು ತಿರುಗುವ ಮುಂಗೋಪಿ ಕತ್ತೆಯ ದನಿ ಅಪ್ಪನಿಗೆ ಮಾತ್ರ ಬರುವುದು.

ಐದನೇ ಪುಸ್ತಕಕ್ಕಾಗಿ ಬುಗುರಿ ಚಾತಕ ಪಕ್ಷಿಯ ಹಾಗೆ ಕಾದಿದ್ದಳು. ಲೈಬ್ರರಿ ಮೇಡಂ ಅವಳ ಮುಖ ಕಂಡರೆ ಸಾಕು, "ಇನ್ನೂ ಬಂದಿಲ್ಲಮ್ಮ" ಅನ್ನುತ್ತಿದ್ದರು. ಕೊನೆಗೂ ಬಂತು. ಬಂದರೆ ಹೀಗಾ?

ಕಂದೀಲು ಹುಡುಗಿ ಈಗ ರಾಣಿಯಾಗಿದ್ದಳು. ಕತ್ತಲಲ್ಲಿ ಹೆದರುತ್ತಾ ಹೆದರುತ್ತಾ ದಾರಿ ಹುಡುಕುತ್ತಿದ್ದವಳಿಗೆ ಯಾರೋ ಒಂದು ಮಂತ್ರದ ಉಂಗುರ ಕೊಟ್ಟಿದ್ದರು. ನದಿ ಬಂದರೆ ಉಂಗುರ ಉಜ್ಜು, ರಾಕ್ಷಸ ಬಂದರೆ ಉಂಗುರ ಉಜ್ಜು. ಬುಗುರಿಗೆ ಆಕಳಿಕೆ ಬರುತ್ತಿತ್ತು.

ಅಪ್ಪನೂ ಮೊದಲಿನ ಹಾಗೆ ಓದುತ್ತಿರಲಿಲ್ಲ. ನಡುವೆ ತಡೆದು ನಿಲ್ಲುತ್ತಿದ್ದ. ಗಂಟಲು ಸರಿ ಮಾಡಿಕೊಳ್ಳುತ್ತಿದ್ದ. ಪುಟಗಳನ್ನು ಸರಸರ ಮಗುಚುತ್ತಿದ್ದ. ಒಮ್ಮೊಮ್ಮೆಯಂತೂ ಅವನ ಕಣ್ಣು ಪುಸ್ತಕದ ಮೇಲೇ ಇರುತ್ತಿರಲಿಲ್ಲ.

"ಅಪ್ಪ, ನೀನು ಓದೋದೇ ಸರಿ ಇಲ್ಲ," ಎಂದಳು ಬುಗುರಿ. ಎಷ್ಟೋ ದಿನದಿಂದ ಒಳಗೇ ಇದ್ದದ್ದು ಇವತ್ತು ಹೊರಗೆ ಬಂತು. "ಅಲ್ಲಲ್ಲಿ ಬಿಟ್ಟುಬಿಟ್ಟು ಓದ್ತೀಯ. ಅದಕ್ಕೇ ಬೂದಿರಾಜ ಹೇಗೆ ಬಂದ ಅಂತ ಗೊತ್ತಾಗ್ತಿಲ್ಲ. ನಿನಗೆ ಬೋರಾಗಿದ್ರೆ ಬಿಡು, ನಾನೇ ಓದ್ಕೋತೀನಿ."

ಅಪ್ಪ ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟು, ಆಗಲೇ ತೊಳೆದಿಟ್ಟಿದ್ದ ಬಾಚಣಿಗೆಗಳನ್ನು ಮತ್ತೆ ತೊಳೆಯತೊಡಗಿದ.

"ನನಗೇನೋ ಆ ಕತ್ತೆ ಹಿಡಿಸ್ತಪ್ಪ," ಎಂದು ಗೊಣಗುತ್ತಾ ಬೋಳು ತಾತ ಶಟರಿನ ಕೆಳಗೆ ಬಗ್ಗಿ ಹೊರಟುಹೋದರು.

ಮನೆಗೆ ಬಂದವಳೇ ಬುಗುರಿ ಮಂಚದ ಮೇಲೆ ಬೋರಲು ಮಲಗಿ ಪುಸ್ತಕವನ್ನು ಮೊದಲಿಂದ ಶುರು ಮಾಡಿದಳು. ಅಪ್ಪ ಎಲ್ಲೆಲ್ಲಿ ಬಿಟ್ಟಿದ್ದಾನೆ ಎಂದು ಹಿಡಿದು ತೋರಿಸಬೇಕಿತ್ತು.

ಬಿಟ್ಟದ್ದೇನೋ ಸಿಕ್ಕಿತು. ರಾಣಿಯ ಸೆರಗಿನಲ್ಲಿ ಎಷ್ಟು ಮುತ್ತು, ಸಿಂಹಾಸನದ ಕಾಲಿಗೆ ಯಾವ ಬಣ್ಣ, ಇದೇ ರಾಮಾಯಣ ಪುಟಗಟ್ಟಲೆ. ಬೂದಿರಾಜ ಹೇಗೆ ಬದುಕಿ ಬಂದ ಅಂತ ಎಲ್ಲೂ ಇಲ್ಲ. ಅವನು ಸತ್ತದ್ದು ಬರೆದವರಿಗೇ ಮರೆತುಹೋದ ಹಾಗಿತ್ತು.

ಹೋಗಲಿ, ನಗು ಬಂದಿದ್ದ ಜಾಗವನ್ನಾದರೂ ಓದೋಣ ಎಂದುಕೊಂಡಳು. ಎರಡನೇ ಅಧ್ಯಾಯದಲ್ಲಿ ಮಂತ್ರಿ, "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ" ಅನ್ನುತ್ತಾನೆ. ಅದಕ್ಕೆ ಕತ್ತೆ, "ಒಂದು ಸಲನಾದ್ರೂ ಮೂಸೋಕೆ ಕೊಟ್ಟಿದ್ದೀರೇನ್ರೀ?" ಎಂದು ಕೇಳಿದಾಗ ಬೋಳು ತಾತ ಬೆಂಚಿನಿಂದ ಬೀಳುವುದೊಂದು ಬಾಕಿ.

ಬುಗುರಿ ಎರಡನೇ ಅಧ್ಯಾಯ ತೆಗೆದಳು. ಮಂತ್ರಿ ಇದ್ದ. ಗಾದೆ ಇರಲಿಲ್ಲ. "ಕತ್ತೆ ಹೊರಗೆ ನಿಂತಿತ್ತು" ಎಂದಷ್ಟೇ ಇತ್ತು.

ಅವಳು ಪುಟ ಹಿಂದೆ ಮಗುಚಿದಳು, ಮುಂದೆ ಮಗುಚಿದಳು. ಕತ್ತೆ ನಡೆಯಿತು, ಕತ್ತೆ ಹುಲ್ಲು ತಿಂದಿತು. ಅಪ್ಪ ನಿಲ್ಲಿಸಿದ್ದ ಜಾಗದವರೆಗೂ ಕತ್ತೆ ಒಂದೇ ಒಂದು ಮಾತಾಡಿರಲಿಲ್ಲ. ಮುಂದಿನ ಅಧ್ಯಾಯವನ್ನೂ ಓದಿದಳು. ಅದರ ಕೊನೆಗೆ ಒಂದು ಸಾಲು: "ಸೇವಕರು ಕತ್ತೆಯನ್ನು ಸಂತೆಯಲ್ಲಿ ಮಾರಿದರು. ರಾಣಿ ಬಿಳಿ ಕುದುರೆ ಏರಿದಳು."

ಅಷ್ಟೇ. ಕಂದೀಲು ಹುಡುಗಿ ಹಿಂದಕ್ಕೆ ತಿರುಗಿ ಕೂಡ ನೋಡಲಿಲ್ಲ.

ಬುಗುರಿಗೆ ಅಳು ಒತ್ತರಿಸಿಕೊಂಡು ಬಂತು. ದಿಂಬಿಗೆ ಮುಖ ಒತ್ತಿ ಅತ್ತಳು.

"ಏನೇ ಅದು?" ಬಟ್ಟೆ ಮಡಚುತ್ತಿದ್ದ ಅಮ್ಮ ಹತ್ತಿರ ಬಂದಳು. ಮಂಚದ ಮೇಲಿದ್ದ ಪುಸ್ತಕ ನೋಡಿ, "ಇದೊಂದು ಪುಸ್ತಕ ಬಂದಾಗಿಂದ ಮನೇಲಿ ಒಬ್ಬರಿಗೂ ನೆಮ್ಮದಿ ಇಲ್ಲ," ಎಂದಳು. "ನಿಮ್ಮಪ್ಪ ಬೆಳಿಗ್ಗೆ ಕೋಳಿ ಕೂಗೋ ಹೊತ್ತಿಗೆ ಎದ್ದು ಇದನ್ನ ಹಿಡ್ಕೊಂಡು ಕೂರ್ತಾರೆ. ಹಲ್ಲುಜ್ಜುವಾಗಲೂ ಕತ್ತೆ ಥರ ಏನೇನೋ ಮಾತಾಡ್ಕೋತಿರ್ತಾರೆ. ಕೇಳಿದ್ರೆ, ಪ್ರಾಕ್ಟೀಸ್ ಅಂತಾರೆ."

ಬುಗುರಿಯ ಅಳು ನಿಂತಿತು. ಹಾಗಾದರೆ ಅಪ್ಪ ಕರಾರು ಮುರಿದಿದ್ದ. ಕದ್ದು ಮುಂದೆ ಓದುತ್ತಿದ್ದ.

ದಿನವಿಡೀ ನಿಂತೇ ಕೆಲಸ ಮಾಡುವ ಅಪ್ಪ. ಸಂಜೆ ಬೆಂಚಿನಲ್ಲಿ ಕುಳಿತಾಗ ಅವನ ಕಣ್ಣು ಒಂದು ಸಾಲು ಓದುತ್ತಿತ್ತು, ಬಾಯಿ ಇನ್ನೊಂದು ಹೇಳುತ್ತಿತ್ತು. ಅವಳ ಕತ್ತೆಯನ್ನು ಬದುಕಿಸಿಟ್ಟಿದ್ದವನು ಅವನು. ಅವನಿಗೇ ಅವಳು ಓದಲು ಬರುವುದಿಲ್ಲ ಎಂದುಬಿಟ್ಟಿದ್ದಳು. ಬುಗುರಿಗೆ ತನ್ನ ಮೇಲೇ ಸಿಟ್ಟು ಬಂತು.

ಮಾರನೇ ಸಂಜೆ ಶಟರ್ ಅರ್ಧ ಇಳಿದ ಮೇಲೆ ಅವಳು ಪುಸ್ತಕವನ್ನು ಅಪ್ಪನ ಮುಂದೆ ಹಿಡಿದಳು.

"ಓದಿಬಿಟ್ಯಾ?" ಅಪ್ಪ ಅವಳ ಮುಖ ನೋಡದೆ ಕೇಳಿದ.

"ಇಲ್ಲ. ಅಕ್ಷರ ತುಂಬ ಚಿಕ್ಕದು. ನೀನೇ ಓದು."

ಅಪ್ಪನ ಮುಖ ಅರಳಿತು. ಒರೆಸಿದ ಕೈಯನ್ನೇ ಇನ್ನೊಮ್ಮೆ ಒರೆಸಿಕೊಂಡು ಕುಳಿತ. ಬೋಳು ತಾತ ಕಾಲು ಮಡಚಿಕೊಂಡು ತಯಾರಾದರು.

ಅಪ್ಪ ಓದಿದ. ಇವತ್ತು ತುಂಬ ತಡವರಿಸುತ್ತಿದ್ದ. ಪಾಪ, ಪುಸ್ತಕ ರಾತ್ರಿಯೆಲ್ಲ ಬುಗುರಿಯ ದಿಂಬಿನ ಪಕ್ಕ ಇತ್ತಲ್ಲ, ಪ್ರಾಕ್ಟೀಸ್ ಎಲ್ಲಿಂದ ಬರಬೇಕು? ಓದುತ್ತಾ ಓದುತ್ತಾ ಆ ಸಾಲಿಗೆ ಬಂದ.

"ಸೇವಕರು ಕತ್ತೆಯನ್ನು ಸಂತೆಯಲ್ಲಿ..."

ನಿಂತುಬಿಟ್ಟ. ಮುಂದಿನ ಪದ ಅವನಿಗೆ ಕಾಣುತ್ತಿತ್ತು, ಬಾಯಿಂದ ಹೊರಡಲಿಲ್ಲ.

"ಸಂತೆಯಲ್ಲಿ ಏನಪ್ಪ?" ಎಂದರು ಬೋಳು ತಾತ. "ಹೇಳು ಮಾರಾಯ."

ಅಪ್ಪ ಗಂಟಲು ಸರಿ ಮಾಡಿಕೊಂಡ. ಏನೂ ಹೊಳೆಯಲಿಲ್ಲ. ಬುಗುರಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತಳು.

"ಮಾರ್ತೀರಾ? ಮಾರಿ," ಎಂದಳು. ಮೂಗಿನಿಂದ ಬರುವ ಕತ್ತೆಯ ಗೊಗ್ಗರು ದನಿ. ಅಪ್ಪನಷ್ಟು ಚೆನ್ನಾಗಿ ಬರಲಿಲ್ಲ. "ಆದ್ರೆ ಮೊದಲು ನಿಮ್ಮ ರಾಣೀನ ಕರೀರಿ. ನಾಲ್ಕು ಕಣಿವೆ ಅವಳನ್ನ ಹೊತ್ಕೊಂಡು ಬಂದಿದ್ದೀನಿ. ಮಾರೋದಾದ್ರೆ ನನ್ನ ಮುಖ ನೋಡಿ ಮಾರಲಿ."

ಬೋಳು ತಾತ ತೊಡೆ ತಟ್ಟಿದರು. "ಹಾಗೆ ಕೇಳು ಮತ್ತೆ. ಬಿಡಬೇಡ."

ಅಪ್ಪ ತಲೆ ಎತ್ತಿದ. ದೊಡ್ಡ ಕನ್ನಡಿಯಲ್ಲಿ ಬುಗುರಿಯ ಕಣ್ಣು ಅವನನ್ನೇ ನೋಡುತ್ತಿತ್ತು.

ಅಪ್ಪ ಪುಸ್ತಕವನ್ನು ಮೆಲ್ಲಗೆ ಮುಚ್ಚಿ ಪಕ್ಕಕ್ಕಿಟ್ಟ. ಗೋಡೆಗೆ ಒರಗಿ, ಎರಡೂ ಕಾಲು ನೀಡಿ ಕುಳಿತ.

"ಆಮೇಲೆ?" ಎಂದು ಕೇಳಿದ.

ಇಷ್ಟು ವರ್ಷ ಅದನ್ನು ಕೇಳುತ್ತಿದ್ದವಳು ಬುಗುರಿ.