ರೆಕ್ಕೆ ಬಂದರೆ ರೆಕ್ಕೆ ನಿಲ್ಲಬೇಕು

ಹೊತ್ತು ಇಳಿಯುವಾಗ ಕಡ್ಲಿಕೊಪ್ಪದ ಹುಲ್ಲುಗಾವಲಿನ ಅಂಚಿನ ಗಾಳಿಯಂತ್ರ ಮತ್ತೆ ನಿಂತಿತು. ಅದರ ರೆಕ್ಕೆಗಳು ಮೊದಲು ಸೋತಂತೆ ತಿರುಗಿ, ಆಮೇಲೆ ದಣಿದ ಎತ್ತು ನೊಗದಡಿ ನಿಂತ ಹಾಗೆ ಸುಮ್ಮನಾದವು. ಗುಡ್ಡದ ಸಾಲಿನ ಉಳಿದ ಯಂತ್ರಗಳು ತಿರುಗುತ್ತಲೇ ಇದ್ದವು. ಹುಲ್ಲಿನ ನಡುವೆ ಕೂತಿದ್ದ, ಊರಲ್ಲಿ ಬಟ್ಟೆ ಹೊಲಿಯುವ ದ್ಯಾಮಕ್ಕ ಆಕಾಶ ನೋಡಿದಳು. ಒಂದು ಗುಬ್ಬಿಯೂ ಇರಲಿಲ್ಲ.

"ಬಂತು ನೋಡವ್ವಾ, ನಮ್ಮ ಅತಿಥಿ," ಎಂದಳು ಪಕ್ಕದ ತಸ್ನೀಮಳಿಗೆ. "ಮುಖ ಮಾತ್ರ ತೋರ್ಸಂಗಿಲ್ಲ."

ತಸ್ನೀಮ್ ನಗಲಿಲ್ಲ.

ಯಂತ್ರವನ್ನು ನಿಲ್ಲಿಸಿದ್ದು ಕಂಬದ ಕೊರಳಿಗೆ ಕಟ್ಟಿದ್ದ, ಮೊರದಗಲದ ಒಂದು ತಟ್ಟೆ. ಅದರ ಹೆಸರು ತಡೆಗಿವಿ. ತನಗೆ ಗುರುತು ಕಲಿಸಿಕೊಟ್ಟ ಹಕ್ಕಿಗಳ ಕೂಗು ಕೇಳಿದೊಡನೆ ಅದು ರೆಕ್ಕೆಗಳನ್ನು ತಡೆಯುತ್ತದೆ. ಕೂಗು ನಿಂತು ಸ್ವಲ್ಪ ಹೊತ್ತಾದ ಮೇಲೆ ಬಿಡುತ್ತದೆ. ಅದನ್ನು ಕಂಡುಹಿಡಿದವಳು ಬೆಟಗೇರಿಯ ನೇಕಾರರ ಮಗಳು, ವಿಜ್ಞಾನಿ ತಸ್ನೀಮ್. ಕಂಬಕ್ಕೇರಿಸಿದವರು ಮಾತ್ರ ಜನ. ರಾಜ್ಯದಲ್ಲಿ ಕಲ್ಲಿದ್ದಲು ಸುಡುವುದು ನಿಂತು ಒಂದು ತಲೆಮಾರಾಗಿತ್ತು. ದೀಪ ಉರಿಯಬೇಕಾದರೆ ಗಾಳಿಯಂತ್ರ ಬೇಕು, ಆದರೆ ಅದರ ಬುಡದಲ್ಲಿ ದಿನವೂ ಸತ್ತ ಹಕ್ಕಿ ಆರಿಸಬೇಕು ಎಂಬಂತಾಗಿತ್ತು. ಆಗ ಬೀದರಿನಿಂದ ಚಾಮರಾಜನಗರದವರೆಗೆ ಜನ ಸಭೆ ಕೂಡಿದರು, ಸಹಿ ಕೂಡಿಸಿದರು, ಬೆಂಗಳೂರಿಗೆ ನಡೆದರು. ದ್ಯಾಮಕ್ಕನೂ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ನಡೆದಿದ್ದಳು. ಗಾಳಿ-ಬಿಸಿಲು ಆಯೋಗದ ವಿಚಾರಣೆಯಲ್ಲಿ ಎದ್ದು ನಿಂತು, "ಗಾಳಿ ಬ್ಯಾಡ ಅನ್ನೂ ಮಂದಿ ನಾವಲ್ರಿ. ರೆಕ್ಕೆ ಬಂದ್ರ ರೆಕ್ಕೆ ನಿಲ್ಲಬೇಕು, ಅಷ್ಟ," ಎಂದಿದ್ದಳು. "ಯಾವ ರೆಕ್ಕೆ ಬಂದರೆ ಯಾವ ರೆಕ್ಕೆ?" ಎಂದು ಅಧಿಕಾರಿಯೊಬ್ಬರು ಕೇಳಿದಾಗ, "ಹುಟ್ಟಿದ್ದು ಬಂದ್ರ ಮಾಡಿದ್ದು ನಿಲ್ಲಬೇಕ್ರಿ," ಎಂದಳು. ಆ ಮಾತೇ ಕಾನೂನಾಯಿತು. ಜೊತೆಗೆ ಇನ್ನೊಂದು ನಿಯಮ: ಅಪರೂಪದ ಹಕ್ಕಿ ಇದೆಯೆಂದು ಖಚಿತವಾದ ಕಾವಲಿನಲ್ಲಿ ಹೊಸ ಕಂಬ ನೆಡುವಂತಿಲ್ಲ.

ಕಡ್ಲಿಕೊಪ್ಪದ ತಡೆಗಿವಿಗೆ ಕೇಳುತ್ತಿದ್ದುದು ಎರೆಭೂತದ ಕೂಗು. ಆಡಿನೆತ್ತರದ ಹಕ್ಕಿ ಅದು. ಎರೆಹೊಲದಲ್ಲಿ ಕಂಡಂತೆ ಮಾಡಿ ಮಾಯವಾಗುತ್ತದೆಂದು ಹಿರಿಯರು ಇಟ್ಟ ಹೆಸರು. ಗಂಡು ಕೊರಳುಬ್ಬಿಸಿ "ಹೂಂಮ್" ಎಂದರೆ ಕಾವಲಿನ ಆಚೆಗೂ ಕೇಳುತ್ತದೆ. ಅದನ್ನು ಕಣ್ಣಾರೆ ಕಂಡವರು ಈಗ ಊರಲ್ಲಿ ಯಾರೂ ಉಳಿದಿರಲಿಲ್ಲ. ಅಂಥದ್ದರಲ್ಲಿ ಇಡೀ ಕಾವಲಿನ ತುಂಬ ಕಂಬ ನೆಡುವ ಯೋಜನೆ ಬಂತು. ದ್ಯಾಮಕ್ಕ ಆಯೋಗಕ್ಕೆ, "ನಮ್ಮ ಕಾವಲಿಗೆ ಎರೆಭೂತ ಬಂದಿದೆ, ಹೊಸ ಕಂಬ ಬೇಡ," ಎಂದು ಬರೆಸಿದಳು. "ಭೂತಪ್ರೇತಗಳ ಕಾರಣಕ್ಕೆ ಯೋಜನೆ ಕೈಬಿಡಲು ನಿಯಮದಲ್ಲಿ ಅವಕಾಶವಿಲ್ಲ," ಎಂದು ಉತ್ತರ ಬಂತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕಾದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಸ್ನೀಮ್ ಹಕ್ಕಿಯ ಚಿತ್ರ ಕಳಿಸಿ ತಿಳಿಹೇಳಿದ ಮೇಲೆ ಪರಿಶೀಲನೆಗೆ ಒಬ್ಬರನ್ನು ಕಳಿಸಲು ಆಯೋಗ ಒಪ್ಪಿತ್ತು. ಅವರು ಬರುವುದು ನಾಳೆ.

"ಅಕ್ಕಾ, ಒಂದು ಮಾತು," ಎಂದಳು ತಸ್ನೀಮ್. "ಗಂಡುಹಕ್ಕಿ ಕೂಗೂದು ಮಳಿಗಾಲದಾಗ. ಇದು ಬ್ಯಾಸಗ್ಯಾಗ ದಿನಾ ಕೂಗೇತಿ. ಮತ್ತ ಇದನ್ನ ಕೇಳ್ರಿ." ಅಂಗೈಯಗಲದ ಪೆಟ್ಟಿಗೆಯೊಂದನ್ನು ತೆಗೆದು, ತಡೆಗಿವಿ ಹಿಡಿದಿಟ್ಟ ದನಿ ಕೇಳಿಸಿದಳು. ಹೂಂಮ್… ಹೂಂಮ್… ನಡುವೆ ಯಾರೋ ಉಸಿರು ಎಳೆದುಕೊಂಡ ಸದ್ದು. ಅದರ ಹಿಂದೆ, ಬಲು ಸಣ್ಣಗೆ, ಒಂದು ಅಳು.

ದ್ಯಾಮಕ್ಕನ ಮುಖದ ನಗು ಹೋಯಿತು. ಇಬ್ಬರೂ ಇಳಿಜಾರಿನ ಕುರಿಹಟ್ಟಿಯ ಕಡೆ ನಡೆದರು, ಆಸುಪಾಸಿನಲ್ಲಿ ಕೂಸಿದ್ದುದು ಅಲ್ಲೊಂದೇ ಕಡೆ.

ಗುಡಿಸಲ ಮುಂದೆ ಕಂಬಳಿಯ ಜೋಲಿ ತೂಗುತ್ತಿತ್ತು. ಮಾಳವ್ವ ಎಂಬ ಹರೆಯದ ಕುರಿಗಾಹಿ ತಾಯಿ ಅದನ್ನು ಕಾಲಲ್ಲಿ ತೂಗುತ್ತ, ಬರಿದಾದ ಹಾಲಿನ ಗಡಿಗೆಯ ಬಾಯಿಗೆ ಬಾಯಿಟ್ಟು "ಹೂಂಮ್" ಎನ್ನುತ್ತಿದ್ದಳು. ಗಡಿಗೆ ಆ ದನಿಯನ್ನು ಹೊಟ್ಟೆಗಿಳಿಸಿಕೊಂಡು ಹತ್ತರಷ್ಟು ಮಾಡಿ ಬಿಡುತ್ತಿತ್ತು.

"ಇದೇನವ್ವಾ ಇದು?" ಎಂದಳು ದ್ಯಾಮಕ್ಕ.

"ನಮ್ಮ ಮಂದಿ ಜೋಗುಳ ರೀ ಯಕ್ಕಾ. ಹಿಂದಕ ಹಕ್ಕಿ ಕೂಗು ಕೇಳಿ ಕಲ್ತಿದ್ದಂತ. ಈ ಕೂಸಿಗೆ ಆ ಪಂಕಾದ ಸಪ್ಪಳಕ್ಕ ನಿದ್ದೀನ ಹತ್ತಂಗಿಲ್ಲ. ನಾ ಹಿಂಗ ಅಂದ್ರ ಸಾಕು, ಮಕ್ಕೋತೈತಿ."

"ನೀ ಅಂದ್ರ ಮೊದ್ಲು ಪಂಕಾ ಮಕ್ಕೋತೈತಿ," ಎಂದಳು ತಸ್ನೀಮ್ ಮೆಲ್ಲಗೆ. "ಪಂಕಾ ಮಕ್ಕೊಂಡ್ರ ಕೂಸು."

ಮಾಳವ್ವ ಗುಡ್ಡದ ಕಡೆ ನೋಡಿ ಬಾಯಿಗೆ ಸೆರಗು ಹಿಡಿದಳು. "ಅಯ್ಯ ನನ್ನವ್ವ, ಅದೂ ನನ್ನ ಮಾತು ಕೇಳತೈತೇನ್ರಿ! ಮನಿ ಗಂಡಸ ಕೇಳಂಗಿಲ್ಲ!"

ಮರಳುವ ದಾರಿಯಲ್ಲಿ ದ್ಯಾಮಕ್ಕ ಲೆಕ್ಕ ಹಾಕುತ್ತ ನಡೆದಳು. ಸುಮ್ಮನಿದ್ದರೆ ಕಾವಲು ಉಳಿಯುತ್ತದೆ. ಹುಲ್ಲು, ಕುರಿ, ಹಟ್ಟಿ, ಎಲ್ಲ ಉಳಿಯುತ್ತದೆ. ಕಡೆಗೆ ನಿಂತು ಅಂದಳು: "ಹೇಳಿಬಿಡೂನವ್ವಾ. ಇದೊಂದು ಸುಳ್ಳು ಗೊತ್ತಾತಂದ್ರ ರಾಜ್ಯದಾಗಿನ ಎಲ್ಲಾ ಕಿವೀನೂ ಕಿವುಡು ಅಂತಾರ. ಕಿತ್ತು ಒಗೀತಾರ."

ಮರುದಿನ ಸಂಜೆ ಆಯೋಗದ ಪರಿಶೀಲಕ ಚೆಲುವಯ್ಯ ಕೊಡೆ ಬಿಚ್ಚಿ ಹಿಡಿದು ಕಾವಲು ಹತ್ತಿದರು. ಮಂಡ್ಯ ಕಡೆಯವರು, ಮೈ ತುಂಬಿದ ಮನುಷ್ಯ.

"ಎಲ್ಲಮ್ಮಾ ನಿಮ್ ಭೂತ? ನಿಂಬೆಹಣ್ಣು ತರಬೇಕಿತ್ತೇನೋ ನಾನು!"

ದ್ಯಾಮಕ್ಕ ನಡೆದದ್ದೆಲ್ಲ ಹೇಳಿದಳು. ಅವರು ಕೊಡೆ ಮಡಚುವುದನ್ನೂ ಮರೆತು ನಿಂತರು. "ನಿಮ್ ಕೇಸು ನೀವೇ ಕೆಡಿಸ್ಕೊತಾ ಇದೀರಲ್ಲಮ್ಮ! ಸರಿ, ಆ ತಾಯಿ ಇವತ್ತು ಹಾಡೋದು ಬೇಡ. ಹಕ್ಕಿ ಇದ್ರೆ ಅದೇ ಕೂಗ್ಲಿ. ನೋಡೇಬಿಡಾಣ."

ಹಟ್ಟಿಯ ಪಕ್ಕದಲ್ಲೇ ಕಾದು ಕೂತರು. ಹೊತ್ತು ಇಳಿಯಿತು. ಮಾಳವ್ವ ಗಡಿಗೆಯನ್ನು ಬೋರಲು ಹಾಕಿ, ತುಟಿ ಬಿಗಿದುಕೊಂಡು ಜೋಲಿ ತೂಗಿದಳು. ಗುಡ್ಡದ ಮೇಲೆ ರೆಕ್ಕೆಗಳು ಬುಸ್ ಬುಸ್ ಎಂದು ತಿರುಗಿದವು. ಕೂಸು ಮೊದಲು ಕುಂಯ್‌ಗುಟ್ಟಿತು, ಆಮೇಲೆ ಕಿರುಚಿ ಅತ್ತಿತು. ದ್ಯಾಮಕ್ಕ ಹುಲ್ಲಿನ ಎಸಳೊಂದನ್ನು ಕಿತ್ತು ಬೆರಳಿಗೆ ಸುತ್ತುತ್ತಿದ್ದಳು. ಚೆಲುವಯ್ಯ ನಿಟ್ಟುಸಿರಿಟ್ಟು, "ಹಾಗಾದ್ರೆ ಹಕ್ಕಿ…" ಎಂದು ಬಾಯಿ ತೆರೆದರು.

ಆಗ ಎದುರಿನ ಹುಲ್ಲು ಅಲುಗಿತು. ಬೂದುಗೊರಳಿನ, ಕಪ್ಪುನೆತ್ತಿಯ ಹಕ್ಕಿಯೊಂದು ಹೊರಗೆ ಬಂದು, ಹಟ್ಟಿಯ ಕಡೆ ಕತ್ತು ಚಾಚಿ ನಿಂತಿತು. ಕರೆಯುವವರು ಇವತ್ತು ಯಾಕೆ ಕರೆಯಲಿಲ್ಲ ಎಂದು ಕೇಳುವಂತೆ.

"ಹೆಣ್ಣು," ಎಂದು ಉಸುರಿದಳು ತಸ್ನೀಮ್. "ಹೆಣ್ಣು ಹಿಂಗ ಕೂಗಂಗಿಲ್ಲಕ್ಕಾ. ಗಂಡಿನ ಕರೆ ಕೇಳಿ ಸುಮ್ನ ಬರತೈತಿ. ನಾ ಕಿವಿಗೆ ಕೂಗೂ ಹಕ್ಕೀನಷ್ಟ ಕಲಿಸಿದ್ದೆ."

ಕೂಸು ಮತ್ತೊಮ್ಮೆ ಕಿರುಚಿತು. ಹಕ್ಕಿ ಬೆದರಿ, ಭಾರವಾದ ರೆಕ್ಕೆ ಬಿಚ್ಚಿ ಎದ್ದಿತು, ನೇರ ಗುಡ್ಡದ ಕಡೆಗೆ, ತಿರುಗುವ ರೆಕ್ಕೆಗಳ ಕಡೆಗೆ.

ಚೆಲುವಯ್ಯ ಕೊಡೆ ಬಿಸುಟು ಎದ್ದರು. ಎರಡೂ ಅಂಗೈ ಬಾಯಿಗೆ ಹಿಡಿದು "ಹೂಂ! ಹೂಂ!" ಎಂದು ಕೂಗಿದರು. ಎಮ್ಮೆ ಕೂಗಿದಂತಿತ್ತು, ತಡೆಗಿವಿ ಕೇಳಿಸಿಕೊಳ್ಳಲಿಲ್ಲ. "ಏ ತಾಯಿ, ಪರೀಕ್ಷೆ ಹಾಳಾಗೋಗ್ಲಿ, ಹಾಡವ್ವಾ!"

ಮಾಳವ್ವ ಗಡಿಗೆ ಎತ್ತಿಕೊಂಡಳು. ಹೂಂಮ್ ಎಂಬ ದನಿ ಇಳಿಜಾರು ಹತ್ತಿ ಹೋಯಿತು. ರೆಕ್ಕೆಗಳು ಸೋತವು, ನಿಂತವು. ನಿಂತ ರೆಕ್ಕೆಯ ಕೆಳಗಿಂದಲೇ ಹಕ್ಕಿ ಒಂದು ಸುತ್ತು ತಿರುಗಿ, ಕರೆ ಬಂದ ಕಡೆಗೆ ಮರಳಿ ಹುಲ್ಲಿಗಿಳಿಯಿತು. ಕೂಸಿನ ಅಳುವೂ ನಿಂತಿತು.

ಚೆಲುವಯ್ಯ ಬೆವರೊರೆಸಿಕೊಂಡು, ಕೂಸು ಎದ್ದೀತೆಂದು ಪಿಸುದನಿಯಲ್ಲಿ ಕೇಳಿದರು: "ಏನಂತ ಬರೀಲಮ್ಮ ನಾನು?"

"ಕಂಡಿದ್ದನ್ನ ಬರೀರಿ," ಎಂದಳು ದ್ಯಾಮಕ್ಕ.

"ಹೆಣ್ಣು ಹಕ್ಕಿ ಇದೆ ಅಂತ ಬರೀತೀನಿ. ಗಂಡಿನ ಕೂಗು ಒಬ್ಬ ತಾಯೀದು ಅಂತ್ಲೂ ಬರೀತೀನಿ. ನಂಬೋರು ನಂಬ್ಲಿ."

ನಂಬಿದರು. ಕಾವಲಿಗೆ ಹೊಸ ಕಂಬ ಬರಲಿಲ್ಲ. ಕೂಗದ ಹಕ್ಕಿಗಾಗಿ ತಸ್ನೀಮ್ ತಡೆಗಿವಿಯ ಪಕ್ಕದಲ್ಲಿ ತಡೆಗಣ್ಣು ಕೂರಿಸಿದಳು. ಮಳೆ ಬಿದ್ದ ಮೇಲೆ, ಹಕ್ಕಿ ಸಾಕುವ ಕೇಂದ್ರವೊಂದರಿಂದ ಗಂಡು ಎರೆಭೂತವೊಂದನ್ನು ತಂದು ಬಿಟ್ಟರು. ಅದು ದಿನಗಟ್ಟಲೆ ಮೂಕವಾಗಿತ್ತು. ಇನ್ನೊಂದು ಗಂಡಿದೆಯೆಂದು ಬೆದರೀತು, ಅದು ನಾಚಿಕೆ ಬಿಡುವ ತನಕ ಗಡಿಗೆ ಊದುವುದು ಬೇಡವೆಂದು ಮಾಳವ್ವನಿಗೆ ಹೇಳಿದ್ದರು.

ಒಂದು ಸಂಜೆ ದ್ಯಾಮಕ್ಕ ಕಾವಲಿನ ಅಂಚಿನಲ್ಲಿದ್ದಾಗ ಹಟ್ಟಿಯ ಕಡೆಯಿಂದ "ಹೂಂಮ್" ಕೇಳಿತು. ರೆಕ್ಕೆಗಳು ನಿಂತವು. ಆ ನಿಶ್ಶಬ್ದದಲ್ಲಿ, ದೂರದ ಹುಲ್ಲೊಳಗಿಂದ, ಮೊದಲ ಸಲ ಉತ್ತರ ಬಂತು.

"ಮಾಳವ್ವಾ, ಬ್ಯಾಡ ಅಂದಿದ್ರಲ್ಲ!" ಎಂದು ಕೂಗುತ್ತಲೇ ಇಳಿದಳು. ಮಾಳವ್ವ ದೂರದಲ್ಲಿ ಮರಿಗಳನ್ನು ಗೂಡಿಗೆ ತುಂಬುತ್ತಿದ್ದಳು. ಗುಡಿಸಲ ಮುಂದೆ ಯಾರೂ ಇರಲಿಲ್ಲ. ಜೋಲಿಯಿಂದಿಳಿದು ಅಂಬೆಗಾಲಿಕ್ಕಲು ಕಲಿತಿದ್ದ ಕೂಸು ಮಾತ್ರ ಗಡಿಗೆಯನ್ನು ತಬ್ಬಿಕೊಂಡು, ಮುಖವನ್ನೆಲ್ಲ ಅದರ ಬಾಯೊಳಗಿಟ್ಟು ಕೂತಿತ್ತು.

ದ್ಯಾಮಕ್ಕ ಬಾಯಿ ಮುಚ್ಚಿಕೊಂಡು, ಸದ್ದಾಗದಂತೆ ಪಕ್ಕದಲ್ಲಿ ಕೂತಳು.